ಜಗಲಿಯ ಮೇಲೆ ಹಾಕಿದ ಎಲೆ

ನಾನು ಚಿಕ್ಕವನಿದ್ದಾಗ ತ್ರಿಪ್ಲಿಕೇನ್‌ನ ನಮ್ಮ ಕಾರ್ಪೊರೇಷನ್ ಶಾಲೆಯಲ್ಲಿ ಅಕ್ಕನ ತರಗತಿಗೊಂದು ಕೋಣೆಯಿತ್ತು. ಒಳಗೆ ಮಕ್ಕಳು ಮಾತ್ರ ಇರಲಿಲ್ಲ. ಚರಂಡಿಗಳಿಗೆ ಹಾಕುವ ಬ್ಲೀಚಿಂಗ್ ಪೌಡರ್‌ನ ಮೂಟೆಗಳನ್ನು ಕಾರ್ಪೊರೇಷನ್‌ನವರು ಅಲ್ಲಿ ಪೇರಿಸಿಟ್ಟಿದ್ದರು. ಹತ್ತನೆಯ ತರಗತಿಯ ಪಾಠ ಹೊರಗಿನ ಜಗಲಿಯಲ್ಲಿ ನಡೆಯುತ್ತಿತ್ತು.

ಬೆಳಗಿನ ಹೊತ್ತು ಹೇಗೋ ಸಾಗುತ್ತಿತ್ತು. ಮಧ್ಯಾಹ್ನ ಮರೀನಾ ಕಡಲತೀರದ ಕಡೆಯಿಂದ ಗಾಳಿ ಬೀಸತೊಡಗಿದರೆ ಮುರಿದ ಕಿಟಕಿಯ ಮೂಲಕ ಪುಡಿ ಹಾರಿ ಬರುತ್ತಿತ್ತು. ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು, ಮೇಷ್ಟರು ಪುಸ್ತಕ ಮುಚ್ಚುತ್ತಿದ್ದರು. ಗಣಿತದ ಪಾಠವಿದ್ದದ್ದು ಮಧ್ಯಾಹ್ನವೇ. ಪರೀಕ್ಷೆಯಲ್ಲಿ ಫೇಲಾದರೆ ಅಕ್ಕನ ಓದು ಅಲ್ಲಿಗೆ ನಿಲ್ಲುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕೋಣೆ ಬಿಡಿಸಿಕೊಡಿ ಎಂದು ಹೆಡ್‌ಮಾಸ್ಟರು ಬರೆದ ಮನವಿಗಳಿಗೆ ಉತ್ತರ ಬಂದಿರಲಿಲ್ಲ.

ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮ ವಾರ್ಡಿನ ಕೌನ್ಸಿಲರ್ ಬಂದರು. ಅತಿಥಿಗಳ ಊಟ ಅಪ್ಪ ಕೆಲಸಕ್ಕಿದ್ದ ಹೋಟೆಲಿನದು, ಬಡಿಸುವವರೂ ಅಪ್ಪನೇ. ಸಾಂಬಾರಿನ ಹಂಡೆ ಇಳಿಸಿ, ಬೇವಿನ ಮರದ ಕೆಳಗೆ ಚಾಪೆ ಬಿಡಿಸುತ್ತಿದ್ದ ಅಪ್ಪನನ್ನು ಅಕ್ಕ ತಡೆದಳು.

“ಎಲೆ ಜಗಲಿಯಲ್ಲಿ ಹಾಕಿ ಅಪ್ಪ.”

“ಅಲ್ಲಿ ಎಂಥ ನಾತ ಮಾರಾಯ್ತಿ. ಊಟ ಮಾಡ್ಲಿಕ್ಕೆ ಆಗ್ತದಾ?”

“ಪಾಠ ಕೇಳ್ಲಿಕ್ಕೆ ಆಗ್ತದಲ್ಲ.”

ಅಪ್ಪ ಅವಳ ಮುಖವನ್ನೇ ನೋಡಿದರು. ಹೋಟೆಲಿನ ಮಾಲೀಕರಿಗೆ ದೂರು ಹೋದರೆ ಕೆಲಸಕ್ಕೇ ಕುತ್ತು. ಆದರೂ ಚಾಪೆ ಸುತ್ತಿ ಹೆಗಲಿಗೇರಿಸಿ ಜಗಲಿ ಹತ್ತಿದರು.

ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಕ್ರಮವಾಗಿ ಎಲೆಗೆ ಬಂದವು. ಬಿಸಿ ಅನ್ನದ ಮೇಲೆ ತುಪ್ಪ, ಸಾಂಬಾರು ಬೀಳುವ ಹೊತ್ತಿಗೆ ಕಡಲಿನ ಗಾಳಿ ಎದ್ದಿತು. ಕೌನ್ಸಿಲರ್ ಕೆಮ್ಮಿದರು, ಕಣ್ಣೊರೆಸಿಕೊಂಡರು. ಪಂಕ್ತಿಯಲ್ಲಿ ಹಿರಿಯರ ಊಟ ಮುಗಿಯುವ ಮೊದಲು ಏಳುವುದು ಅವಮರ್ಯಾದೆ. ಹಾಗಾಗಿ ಕುಳಿತೇ ಇರಬೇಕಾಯಿತು.

“ಏನಯ್ಯಾ, ಸಾಂಬಾರಿಗೆ ಏನು ಹಾಕಿದ್ದೀಯ?” ಎಂದು ತಮಿಳಿನಲ್ಲಿ ಗದರಿದರು.

“ಸಾಂಬಾರು ನಮ್ಮದು ಸಾರ್. ವಾಸನೆ ಕಾರ್ಪೊರೇಷನ್‌ದು,” ಎಂದರು ಅಪ್ಪ, ಸೌಟು ಹಿಡಿದೇ.

ಕಂಬದ ಪಕ್ಕ ನಿಂತಿದ್ದ ಅಕ್ಕ ಮುಂದೆ ಬಂದಳು. “ನೀವು ಕೂತಿರೋದು ನನ್ನ ಜಾಗ ಸಾರ್. ನಾವು ದಿನಾ ಇಲ್ಲೇ ಕೂರೋದು. ನಮಗೆ ಈ ವರ್ಷ ಪರೀಕ್ಷೆ ಇದೆ.”

ಎಲೆಗೆ ಮಜ್ಜಿಗೆ ಬರುವ ಮೊದಲೇ ಕೌನ್ಸಿಲರ್ ಮೂಟೆ ಸಾಗಿಸಲು ಲಾರಿಗೆ ಹೇಳಿಕಳುಹಿಸಿದರು. ಮರುವಾರ ಅಕ್ಕ ಕೋಣೆಯೊಳಗೆ ಕುಳಿತು ಗಣಿತ ಕಲಿತಳು, ಪಾಸೂ ಆದಳು. ಅದನ್ನು ಕೌನ್ಸಿಲರ್ ಅವರ ದೊಡ್ಡ ಮನಸ್ಸು ಎಂದವರಿದ್ದರು. ನಾನು ಇಂದಿಗೂ ಒಪ್ಪುವುದಿಲ್ಲ. ಮಕ್ಕಳ ಕೋಣೆಯನ್ನು ಮಕ್ಕಳಿಗೆ ಬಿಡುವುದು ಉಪಕಾರವಲ್ಲ, ಆಡಳಿತದ ಕರ್ತವ್ಯ. ಅಷ್ಟು ದಿನ ಅವರನ್ನು ಹೊರಗೆ ಕೂರಿಸಿದ್ದೇಕೆ ಎಂಬುದಕ್ಕೆ ಯಾರೂ ಉತ್ತರ ಹೇಳಲಿಲ್ಲ.

ನನ್ನ ಮೊಮ್ಮಕ್ಕಳು ಓದುವ ಕಾರ್ಪೊರೇಷನ್ ಶಾಲೆಯಲ್ಲಿ ಈಗ ಬೆಳಿಗ್ಗೆ ಬಿಸಿ ತಿಂಡಿಯಿದೆ, ಗೋಡೆಯ ಮೇಲೆ ಪಾಠ ತೋರಿಸುವ ದೊಡ್ಡ ಪರದೆಯಿದೆ. ಗ್ರಂಥಾಲಯದ ಬಾಗಿಲಿಗೆ ಮಾತ್ರ ಬೀಗ. ಒಳಗೆ ಯಾವುದೋ ಕಚೇರಿಯ ಮುರಿದ ಕುರ್ಚಿಗಳಿವೆಯಂತೆ. “ಬೀಗ ತೆಗೆಸಲು ಯಾರನ್ನು ಕೇಳಬೇಕು ತಾತ?” ಎಂದು ಮೊನ್ನೆ ಮೊಮ್ಮಗಳು ತಮಿಳಿನಲ್ಲಿ ಕೇಳಿದಳು.

ಅವಳಿಗೆ ಜಡೆ ಹಾಕುತ್ತಿದ್ದ ನನ್ನ ಅಕ್ಕ ತಲೆಯೆತ್ತದೆ ಕನ್ನಡದಲ್ಲೇ ಹೇಳಿದಳು: “ಈ ಸಲ ವಾರ್ಷಿಕೋತ್ಸವದ ಊಟ ಎಲ್ಲಿ ಬಡಿಸ್ತಾರೆ, ಮೊದಲು ಅದನ್ನು ಕೇಳಿಕೊಂಡು ಬಾ.”