ಡೇಟಾ ವೈರಿನ ಮಾದೇಶ

ಕೊಳತ್ತೂರು ಕಡೆಯ ಹಳ್ಳದ ಕಟ್ಟೆಗಳಲ್ಲಿ ನೀರು ಏರಿದರೆ ಸೈರನ್ ಕೂಗಿಸುವ ಯಂತ್ರಕ್ಕೆ ಡೇಟಾ ವೈರಿಂಗ್ ಮಾಡುವ ಮಾದೇಶನಿಗೆ ಕರೆಂಟಿನ ಭಯವಿಲ್ಲ. ಭಯವೆಲ್ಲ ನೀರಿನ ಮಟ್ಟದ ನಂಬರನ್ನು ಕಂಟ್ರೋಲ್ ರೂಮಿಗೆ ಒಯ್ಯುವ, ಶಾಕ್ ಹೊಡೆಯದ ಎರಡು ಸಣ್ಣ ತಂತಿಗಳದ್ದು. ಎ-ಗೆ ಎ, ಬಿ-ಗೆ ಬಿ ಎಂದು ಜಪಿಸುತ್ತ, ಬಿಗಿದ ಸ್ಕ್ರೂವನ್ನೇ ಮೂರು ಸಲ ಬಿಚ್ಚಿ ಬಿಗಿಯುತ್ತಾನೆ. "ನಂಬರ್ ವರುದಾ ಸಾರ್?" ಎಂದು ಕಂಟ್ರೋಲ್ ರೂಮಿಗೆ ಫೋನು ಮಾಡಿ ತಮಿಳಿನಲ್ಲಿ ಕೇಳುತ್ತಾನೆ. ಅವರು "ವರುದುಪ್ಪಾ", ಬರುತ್ತಿದೆಯಪ್ಪಾ, ಎಂದರೂ ನಂಬುವುದಿಲ್ಲ. ತಂತಿ ಕಳಚಿದರೂ ಅಲ್ಲಿನ ಪರದೆಯ ಮೇಲೆ ಹಳೆಯ ನಂಬರೇ ತಣ್ಣಗೆ ನಿಂತಿರುತ್ತದೆಂದು ಅವನಿಗೆ ಗೊತ್ತು. ನೀರಿನ ಮಟ್ಟ ಅಳೆಯುವ ಸೆನ್ಸರನ್ನು ಗೇಣುದ್ದ ಎತ್ತಿ, ನಂಬರು ಬದಲಾಯಿತೆಂದು ಕೇಳಿದ ಮೇಲೆಯೇ ಉಸಿರು ಬಿಡುತ್ತಾನೆ. ಎಲ್ಲ ಸರಿಯಿದೆಯೆಂದು ಸಹಿಯನ್ನೂ ಹಾಕುತ್ತಾನೆ. ಆಮೇಲೆ ಬೆಟ್ಟದ ಮೇಲೆ ಮೋಡ ಕಂಡರೆ ಸಾಕು, ಕೆಳಗೆ ಹಳ್ಳದಲ್ಲಿ ಬಲೆ ತೊಳೆಯುತ್ತಿರುವ ಹೆಂಡತಿಗೆ ಫೋನು: "ಲೇ ಮುನಿಲಕ್ಷ್ಮೀ, ಸೈರನ್ ನಂಬ್ಕಂಡು ಕೂತ್ಕಬ್ಯಾಡ, ಮ್ಯಾಕ್ಕೆ ಬಾ. ವೈರಿಂಗ್ ಮಾಡಿರೋದು ನಾನು."