ಮೂರು ತಿಂಗಳ ಮೇಲೆ ಹನ್ನೊಂದು ದಿನ

ಕಾಣಿಯೂರಿನ ಸುಪ್ರಿತಾ ಗೇರುಬೀಜದ ಕಾರ್ಖಾನೆಗೆ ಸೇರಿ ಒಂಬತ್ತು ವರ್ಷ. ಬಣ್ಣ, ಗಾತ್ರ ನೋಡಿ ತಿರುಳು ಬೇರ್ಪಡಿಸುವುದರಲ್ಲಿ ಅವಳ ಕೈಗೆ ಸಾಟಿಯಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳ ಶಾಲೆ, ಮಾವನ ಮದ್ದು ಎಲ್ಲ ನಡೆಯುವುದು ಆ ದುಡಿಮೆಯಿಂದಲೇ. ದೀಪಾವಳಿ ಕಳೆದ ವಾರ ಸೂಪರ್‌ವೈಸರ್ ಪ್ರೇಮನಾಥ ಗೋದಾಮಿನಲ್ಲಿ ಅವಳನ್ನು ಹಿಡಿದೆಳೆದ. ಕೊಸರಿಕೊಂಡು ಓಡಿ ಬಂದದ್ದನ್ನು ಬಾಗಿಲಲ್ಲಿದ್ದ ಫೌಝಿಯಾ ಕಂಡಳು.

"ಬರೆದು ಕೊಡು ಮಾರಾಯ್ತಿ. ಇದಕ್ಕೇ ಅಂತ ಕಮಿಟಿ ಉಂಟಲ್ಲ, ಊಟದ ಕೋಣೆಯಲ್ಲಿ ಬೋರ್ಡ್ ಹಾಕಿದ್ದಾರೆ. ನಾನು ಸಾಕ್ಷಿ ಹೇಳ್ತೇನೆ," ಎಂದಳು ಫೌಝಿಯಾ.

ಸುಪ್ರಿತಾ ಮನೆಗೆ ಬಂದು ಮಾವ ದುಗ್ಗಪ್ಪನವರಿಗೆ ಹೇಳಿದಳು. ಮಾವನೆಂದರೆ ಅವಳಿಗೆ ಹೆತ್ತ ತಂದೆಗಿಂತ ಹೆಚ್ಚು. "ಕಾಗದ ಕೊಟ್ರೆ ಊರಿಡೀ ಓದ್ತದೆ ಮಗಾ. ನಾನು ದೈವಕ್ಕೆ ಹೇಳ್ತೇನೆ. ದೈವ ವಿಚಾರಿಸುವಾಗ ನಾವು ನಡುವೆ ಹೋಗುದು ಬೇಡ," ಎಂದರು ಅವರು. ಸಂಕ್ರಮಣದಂದು ತೆಂಗಿನಕಾಯಿ ಹಿಡಿದುಕೊಂಡು ದೈವಸ್ಥಾನಕ್ಕೆ ಹೋಗಿಬಂದು, "ಹೇಳಿ ಆಯ್ತು," ಎಂದರು.

ದೂರನ್ನು ದೈವಕ್ಕೊಪ್ಪಿಸಿ ಕೈಕಟ್ಟಿ ಕೂರುವುದು ನಮ್ಮ ಕಡೆಯ ಹಳೆಯ ರೋಗ. ತಪ್ಪು ಮಾಡಿದವನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ? ಸುಪ್ರಿತಾ ಕಾದಳು. ಪ್ರೇಮನಾಥನಿಗೆ ಒಂದು ಶೀತವೂ ಆಗಲಿಲ್ಲ. ದೈವವೂ ಸುಮ್ಮನಿದೆಯೆಂದರೆ ತಪ್ಪು ತನ್ನದೇ ಏನೋ ಎಂಬ ಯೋಚನೆ ಅವಳನ್ನು ತಿನ್ನತೊಡಗಿತು.

ಹೊಸದಾಗಿ ಸೇರಿದ ಜೆಸ್ನಾಳನ್ನು ಅವನು ಗೋದಾಮಿಗೆ ಕರೆದದ್ದು ಕಿವಿಗೆ ಬಿದ್ದ ದಿನ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಜೆಸ್ನಾಳ ಕೈಹಿಡಿದು ಈಚೆ ಕರೆತಂದಳು. ಅಂದೇ ದೂರು ಬರೆದು ಕೊಟ್ಟಳು.

ಕಮಿಟಿಯ ಅಧ್ಯಕ್ಷೆ ಅಗ್ನಸ್ ಮೇಡಂ ಓದಿ ನಿಟ್ಟುಸಿರು ಬಿಟ್ಟರು. "ಮೂರು ತಿಂಗಳೊಳಗೆ ಕೊಡ್ಬೇಕಿತ್ತು. ಹನ್ನೊಂದು ದಿನ ಹೆಚ್ಚಾಗಿದೆ. ಇನ್ನೂ ಸಮಯ ಕೊಡ್ಲಿಕ್ಕೆ ಕಾನೂನಿನಲ್ಲಿ ದಾರಿ ಉಂಟು. ಆದ್ರೆ ತಡ ಆದದ್ದಕ್ಕೆ ಕಮಿಟಿ ಒಪ್ಪುವ ಕಾರಣ ಬೇಕು. ನಿನ್ನನ್ನು ತಡೆದದ್ದು ಎಂತ?"

"ಮಾವ ದೈವಕ್ಕೆ ಹೇಳಿದ್ರು ಮೇಡಂ. ಕಾದೆ."

ಸದಸ್ಯರು ಮುಖಮುಖ ನೋಡಿಕೊಂಡರು. ಮಾವನನ್ನೇ ಕರೆದುಕೊಂಡು ಬಾ ಎಂದರು.

ಮರುದಿನ ದುಗ್ಗಪ್ಪ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. "ದೈವದ ಹೆಸರು ಬರೀಬೇಡಿ ಮೇಡಂ. ನಾನು ಹೇಳ್ಲೇ ಇಲ್ಲ. ಅಲ್ಲಿ ಹತ್ತು ಜನ ಇದ್ರು. ಸೊಸೆಯ ವಿಷಯ ಬಾಯಿಗೆ ಬರ್ಲಿಲ್ಲ, ಕಾಯಿ ಇಟ್ಟು ಬಂದೆ. ಇವಳನ್ನು ತಡೆದದ್ದು ನಾನು."

ಸುಪ್ರಿತಾಳ ಮೈಯೆಲ್ಲ ಉರಿಯಿತು. "ಮೂರು ತಿಂಗಳು ನಾನೇ ಕೆಟ್ಟವಳು ಅಂತ ಗ್ರಹಿಸಿದೆನಲ್ಲ ಮಾವ!" ಎಂದು ಕಿರುಚಿದಳು. ಹೊರಗೆ ತಿರುಳು ಆರಿಸುವ ಮೇಜಿನ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹೇಳಿದ್ದನ್ನೇ ಬರೆದು ದುಗ್ಗಪ್ಪ ಸಹಿ ಹಾಕಿದರು. ಕಮಿಟಿ ಒಪ್ಪಿತು, ವಿಚಾರಣೆ ಸೋಮವಾರಕ್ಕೆ ಎಂದಾಯಿತು.

ಸಂಜೆಯ ಬಸ್ಸಿನಲ್ಲಿ ಮಾವ ಪಕ್ಕದಲ್ಲಿ ಜಾಗ ಮಾಡಿ, "ಬಾ ಮಗಾ, ಕೂರು," ಎಂದು ಎರಡು ಸಲ ಕರೆದರು. ಸುಪ್ರಿತಾ ಕಾಣಿಯೂರು ಬರುವವರೆಗೂ ನಿಂತೇ ಇದ್ದಳು.