ಮಸ್ಕಿಯ ಸಿಮೆಂಟ್ ಅಂಗಡಿಗೆ ನಾನು ಮುಟ್ಟಿಸದ ಸುದ್ದಿ

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ಆಗ ನಾನು ಸಿಂಧನೂರಿನಲ್ಲಿ ನನ್ನ ತಂಗಿ ರೇಣುಕಾಳ ಟ್ಯಾಕ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದೆ, ಈಗಲೂ ಇದ್ದೇನೆ. ಆಕೆ ಬಿ.ಕಾಂ. ಓದಿದವಳು, ವ್ಯಾಪಾರಿಗಳ ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಕೆಲಸ ನೋಡುತ್ತಾಳೆ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಜವಳಗೇರಾದ ರೈಸ್ ಮಿಲ್ಲಿನಲ್ಲಿ ಚೀಲ ತೂಗುತ್ತಿದ್ದವನನ್ನು ಆಕೆಯೇ ಕರೆದು ಆಫೀಸಿನಲ್ಲಿ ಕೂಡಿಸಿಕೊಂಡಳು. ಸಿಂಧನೂರಿನ ಗಿರಾಕಿಗಳು ಆಕೆಯ ಪಾಲು. ಮಸ್ಕಿ, ಲಿಂಗಸುಗೂರು ರಸ್ತೆಯ ಅಂಗಡಿಗಳು ನನ್ನ ಪಾಲು. ವಾರಕ್ಕೊಮ್ಮೆ ಬಸ್ ಹತ್ತಿ ಬಿಲ್ಲು ತರುವುದು, ಸಹಿ ಮಾಡಿಸುವುದು, ಸುದ್ದಿ ಮುಟ್ಟಿಸುವುದು ನನ್ನ ಕೆಲಸ.

ಸುದ್ದಿ ಮುಟ್ಟಿಸುವುದು ಸಣ್ಣ ಕೆಲಸವಲ್ಲ. ನಮ್ಮ ಕಡೆಯ ಅಂಗಡಿಯವರು ಜಿಎಸ್‌ಟಿ ನೋಂದಣಿ ಮಾಡಿಸುವಾಗ ತಮ್ಮ ಫೋನ್ ನಂಬರ್ ಕೊಡುವುದಿಲ್ಲ. “ಓಟಿಪಿ ಗೀಟಿಪಿ ನಮಗ ಬ್ಯಾಡ್ರಿ, ನಿಮ್ಮದಾ ನಂಬರ್ ಹಾಕ್ಕೊಳ್ರಿ” ಎನ್ನುತ್ತಾರೆ. ಹೀಗಾಗಿ ಇಲಾಖೆ ಕಳಿಸುವ ನೋಟಿಸೆಲ್ಲ ನಮ್ಮ ಆಫೀಸಿನ ಫೋನಿಗೆ ಬರುತ್ತದೆ. ನಾವು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗುವುದು.

ರೇಣುಕಾ ಕೆಟ್ಟ ಸುದ್ದಿ ಹೇಳುವ ರೀತಿ ಒಂದೇ. ಅಂಗಡಿಗೆ ಹೋಗಿ, ಕೊಳ್ಳುವವರಿಲ್ಲದ ಹೊತ್ತು ನೋಡಿ, ಕೂತ ಕೂಡಲೇ ಹೇಳಿಬಿಡುತ್ತಾಳೆ. “ಚಹಾ ಬರೋದ್ರೊಳಗ ಹೇಳಿ ಮುಗಿಸಬೇಕಣ್ಣ. ಅವರ ಚಹಾ ಕುಡಿದಮ್ಯಾಲ ನಾಲಿಗಿ ಮೆತ್ತಗಾಗ್ತೈತಿ” ಎಂದು ನನಗೂ ಕಲಿಸಿದ್ದಳು. ನಾನು ಕಲಿಯಲಿಲ್ಲ. ನನ್ನ ದಾರಿಯ ಅಂಗಡಿಗಳಲ್ಲಿ ನಾನೆಂದರೆ ಪ್ರೀತಿ. “ನಿನ್ನ ತಂಗಿ ಬಂದ್ರ ಬಿಪಿ ಗುಳಿಗಿ ನುಂಗಿ ಕುಂದ್ರಬೇಕಪಾ. ನೀ ಬಂದ್ರ ಜೀವ ತಣ್ಣಗಿರ್ತೈತಿ” ಎಂದು ನಗುತ್ತಿದ್ದರು. ಓದಿದ ತಂಗಿಯ ಪಕ್ಕದಲ್ಲಿ ನನಗಿದ್ದ ಬೆಲೆ ಅದೊಂದೇ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಹಾಗೆ ನಗುತ್ತಿದ್ದವರಲ್ಲಿ ಅಮರೇಶಪ್ಪ ಮೊದಲಿನವರು. ಮಸ್ಕಿಯಲ್ಲಿ ಸಿಮೆಂಟ್ ಮತ್ತು ಕಬ್ಬಿಣದ ಅಂಗಡಿ. ಬಾಡಿಗೆ ಕಟ್ಟಡದಲ್ಲೇ ಅರ್ಧ ಆಯುಷ್ಯ ಕಳೆದಿದ್ದರು. ಆ ವರ್ಷ ಮಾಲೀಕರು ಅದನ್ನು ಮಾರಲು ಹೊರಟಾಗ, ತಾವೇ ಕೊಳ್ಳುವುದೆಂದು ಮಾತಾಗಿತ್ತು.

ಅದೇ ಸಮಯಕ್ಕೆ ಅವರ ಹೆಸರಿಗೆ ನೋಟಿಸ್ ಬಂತು. ವಿಷಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಅಂಗಡಿಯವರು ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು, ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಮಾಲು ಮಾರಿದವನು ಆ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದಿದ್ದರೆ, ಇಲಾಖೆ ಕೊಂಡವನನ್ನೇ ಕೇಳುತ್ತದೆ. ಅಮರೇಶಪ್ಪನವರಿಗೆ ಕಬ್ಬಿಣದ ಸರಳು ಮಾರಿದ ಒಬ್ಬ ವ್ಯಾಪಾರಿ ಹಾಗೆ ಮಾಡಿದ್ದ. ಮೊತ್ತ ನಾಲ್ಕು ಲಕ್ಷ ದಾಟಿತ್ತು. ಉತ್ತರಕ್ಕೆ ಒಂದು ತಿಂಗಳು. ಅಷ್ಟರೊಳಗೆ ಬಿಲ್ಲು, ಲಾರಿ ಚೀಟಿ, ಬ್ಯಾಂಕಿನಿಂದ ಹಣ ಕೊಟ್ಟ ದಾಖಲೆ ಸೇರಿಸಿ ಉತ್ತರ ಕೊಡಬಹುದು. ಆ ವ್ಯಾಪಾರಿಯನ್ನು ಹಿಡಿದು ಕಟ್ಟಿಸಬಹುದು. ಏನೂ ಆಗದಿದ್ದರೆ ಬಡ್ಡಿ ಸೇರಿಸಿ ಕಟ್ಟಿ, ದಂಡವನ್ನಾದರೂ ತಪ್ಪಿಸಿಕೊಳ್ಳಬಹುದು. ರೇಣುಕಾ ಇದನ್ನೆಲ್ಲ ನನಗೆ ಎರಡು ಸಲ ಹೇಳಿ, ನನ್ನಿಂದ ಒಂದು ಸಲ ಹೇಳಿಸಿ ಕಳಿಸಿದಳು.

ಅಂಗಡಿಗೆ ಹೋದಾಗ ಅಮರೇಶಪ್ಪ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು.

“ಬಾರಪಾ ಹನುಮೇಶ, ಈ ಗ್ವಾಡಿ ಒಡದು ಇಲ್ಲೆ ದೊಡ್ಡ ಶೆಟರ್ ಇಡಸ್ತೀನಿ. ಮಸ್ಕ್ಯಾಗ ಇಂಥದ್ದು ಇನ್ನೊಂದು ಇರಬಾರದು, ಹೌದಿಲ್ಲೋ?”

ಚಹಾ ಬಂತು. ಕುಡಿದೆ. ಕುಡಿದ ಮೇಲೆ ಹೇಳಿದೆ: “ಒಂದು ಸಣ್ಣ ನೋಟಿಸ್ ಬಂದೈತ್ರೀ. ಎಲ್ಲಾರಿಗೂ ಬರಾಕತ್ತಾವ. ಸರಳಿನ ಬಿಲ್ ಸಿಕ್ಕಾಗ ತಗದಿಡ್ರಿ, ಸಾಕು.”

ಅವರು ಟೇಪನ್ನು ಕೈಬಿಟ್ಟು ನನ್ನ ಕಡೆ ತಿರುಗಿದರು. “ನಾಡದು ಕಟ್ಟಡಕ್ಕ ಮುಂಗಡ ಕೊಡಾಂವದೀನಿ. ಇದರಿಂದ ಏನರ ತೊಡಕೈತೇನು? ಖರೇ ಹೇಳು.”

ಅದು ನೇರವಾದ ಪ್ರಶ್ನೆ. ಉತ್ತರ ನನ್ನ ಬಾಯಲ್ಲೇ ಇತ್ತು. ಅವರ ಮುಖದಲ್ಲಿದ್ದ ಖುಷಿ ಆರುವುದನ್ನು ನೋಡಲು ನನ್ನಿಂದ ಆಗಲಿಲ್ಲ. “ಏನ್ ಫಿಕರ್ ಮಾಡಬ್ಯಾಡ್ರಿ. ಕೊಡ್ರಿ” ಎಂದೆ.

ಸಿಂಧನೂರಿಗೆ ಬಂದು ತಂಗಿಗೆ “ಹೇಳೀನಿ” ಎಂದೆ. ಆಕೆ ಕಾಗದ ಕೇಳಿದಾಗಲೆಲ್ಲ “ಹುಡುಕಾಕತ್ತಾರ” ಎಂದೆ. ಅವಧಿ ಮುಗಿಯುತ್ತ ಬಂದಾಗ ಆಕೆ ತಾನೇ ಫೋನ್ ಮಾಡುತ್ತೇನೆ ಎಂದಳು. ನಾನು ಹೆದರಿ, “ಅವರು ಲಿಂಗಸುಗೂರಾಗ ವಕೀಲರ ಕಡೆ ಉತ್ತರ ಬರೆಸಾಕತ್ತಾರಂತ” ಎಂದುಬಿಟ್ಟೆ. ಒಡಹುಟ್ಟಿದವನ ಮಾತು, ನಂಬಿದಳು.

ಉತ್ತರ ಹೋಗಲಿಲ್ಲ. ತೆರಿಗೆ, ಬಡ್ಡಿ, ದಂಡ ಸೇರಿಸಿ ಇಲಾಖೆಯ ಆದೇಶ ಬಂತು. ರೇಣುಕಾ ಅದನ್ನು ಓದಿದ ದಿನವೇ ನನ್ನನ್ನು ಕರೆದುಕೊಂಡು ಮಸ್ಕಿಗೆ ಹೊರಟಳು.

ಅಂಗಡಿಯಲ್ಲಿ ಕೂತ ಕೂಡಲೇ ಹೇಳಿದಳು: “ಅಮರೇಶಪ್ಪಾರ, ಆರ್ಡರ್ ನಿಮ್ಮ ವಿರುದ್ಧ ಆಗೈತಿ. ಅಪೀಲು ಹೋಗಬಹುದು, ಅದಕ್ಕ ತೆರಿಗಿಯ ಹತ್ತರಾಗ ಒಂದು ಪಾಲು ಮೊದಲ ಕಟ್ಟಬೇಕು. ಸುಮ್ನ ಕುಂತ್ರ ಬ್ಯಾಂಕಿನ ಖಾತೆ ಹಿಡಿತಾರ. ನಿಮ್ಮ ವಕೀಲರು ಏನು ಉತ್ತರ ಕೊಟ್ಟಿದ್ರು?”

“ಯಾವ ವಕೀಲ?” ಎಂದರು ಅಮರೇಶಪ್ಪ.

ರೇಣುಕಾ ನನ್ನ ಕಡೆ ನೋಡಿದಳು. ನಾನು ಸಿಮೆಂಟ್ ಚೀಲಗಳನ್ನು ನೋಡಿದೆ.

ಅಮರೇಶಪ್ಪ ಸಿಟ್ಟಿನಿಂದ ಎದ್ದು ನಿಂತರು. ಆದರೆ ಸಿಟ್ಟು ನನ್ನ ಮೇಲಲ್ಲ. “ಪಾಪ, ಇಂವ ಓದಲಾರದಾಂವ, ಇಂವಗೇನು ಗೊತ್ತು? ನೀ ಹೇಳಿ ಕಳಿಸಿದ್ದನ್ನ ಹೇಳ್ಯಾನ. ಸಣ್ಣ ನೋಟಿಸ್ ಅಂತ ಹೇಳಿ ಕಳಿಸಿದಾಕಿ ನೀನು! ಮುಂಗಡ ಕೊಟ್ಟು ಕುಂತೀನಲ್ಲವಾ. ಈಗ ಇದನ್ನ ಕಟ್ಟಲೋ, ಕಟ್ಟಡ ತಗೊಳ್ಳಲೋ? ಬಾಯಿ ಬಿಡು!”

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಓದಿಲ್ಲದವನು ಎಂಬ ಮಾತು ಬೇರೆ ದಿನ ಕೇಳಿದ್ದರೆ ನನಗೆ ಉರಿಯುತ್ತಿತ್ತು. ಅಂದು ಅದರ ಹಿಂದೆ ಅಡಗಿ ನಿಂತೆ.

ರೇಣುಕಾ ತಲೆ ಎತ್ತಿ, “ತಪ್ಪು ನಮ್ಮ ಆಫೀಸಿಂದ್ರೀ. ಅಪೀಲಿನ ಕೆಲಸಕ್ಕ ನಾ ಫೀ ತಗೊಳ್ಳಂಗಿಲ್ಲ” ಎಂದಳು. ಬಸ್ಸಿನಲ್ಲಿ ಆಕೆ ಅಪೀಲಿಗೆ ಬೇಕಾದ ಕಾಗದಗಳ ಪಟ್ಟಿ ಬರೆಯುತ್ತ ಕೂತಳು.

ಅಪೀಲಿಗೂ, ಅದು ಸೋತರೆ ಕಟ್ಟಬೇಕಾದ ತೆರಿಗೆ, ಬಡ್ಡಿ, ದಂಡಕ್ಕೂ ದುಡ್ಡು ಇಟ್ಟುಕೊಳ್ಳಬೇಕಾಗಿ, ಹೇಳಿದ ದಿನಕ್ಕೆ ಅಮರೇಶಪ್ಪನವರಿಗೆ ಕಟ್ಟಡದ ಉಳಿದ ಹಣ ಕೊಡಲಾಗಲಿಲ್ಲ. ಕಟ್ಟಡ ಬೇರೆಯವರ ಪಾಲಾಯಿತು. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂತು. ಸಿಂಧನೂರಿನ ಆ ಹೆಣ್ಣುಮಗಳ ಕೈಯಲ್ಲಿ ಲೆಕ್ಕ ಕೊಟ್ಟರೆ ಮುಳುಗಿದಂತೆಯೇ ಎಂಬ ಮಾತು ಮಸ್ಕಿಯಲ್ಲಿ ಹಬ್ಬಿತು. ಸಂತೆಕಲ್ಲೂರಿನ ಒಬ್ಬ ಗಿರಾಕಿ ತನ್ನ ಫೈಲು ತಿರುಗಿ ಕೊಡಿ ಎಂದು ಬಂದಾಗ, ಆಕೆ ಸುಮ್ಮನೆ ಎದ್ದು ತೆಗೆದುಕೊಟ್ಟಳು. ಅದನ್ನು ನೋಡಿ ನನಗೆ ಅಲ್ಲಿ ಕೂಡಲಾಗಲಿಲ್ಲ.

ಮಸ್ಕಿಗೆ ಹೋದೆ. ಅಮರೇಶಪ್ಪ ಬೇರೆ ಬಾಡಿಗೆ ಕಟ್ಟಡಕ್ಕೆ ಹೋಗಲು ಅಂಗಡಿ ಖಾಲಿ ಮಾಡಿಸುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ: “ನನ್ನ ತಂಗಿ ಎಲ್ಲಾ ಸರಿಯಾಗೇ ಹೇಳಿ ಕಳಿಸಿದ್ಲ್ರೀ. ನಾನು ಹೇಳಲಿಲ್ಲ. ವಕೀಲರದ್ದು ನಾ ಹುಟ್ಟಿಸಿದ ಸುಳ್ಳು.”

“ಮುಂಗಡ ಕೊಡ್ಲೇನು ಅಂತ ಕೇಳಿದಾಗ, ಕೊಡಬಾರದು ಅಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವರು ನನ್ನನ್ನು ಬಿಟ್ಟು, ಫೋನ್ ಹಚ್ಚಿ ರೇಣುಕಾಳಿಗೆ ಹೇಳಿದರು: “ತಂಗೀ, ಅವತ್ತು ನಿನಗ ಭಾಳ ಮಾತಾಡಿದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡವಾ. ನನ್ನ ಲೆಕ್ಕ ನಿನ್ನ ಹಂತ್ಯಾಕನ ಇರಲಿ. ಆದ್ರ ಇನ್ಮುಂದ ನೀನ ಬಾ, ಇವನ್ನ ಕಳಸಬ್ಯಾಡ.” ಅಪೀಲು ಇನ್ನೂ ನಡೆದಿದೆ. ಅವರ ಅಂಗಡಿಯ ಮೆಟ್ಟಿಲು ನಾನು ಮತ್ತೆ ಹತ್ತಿಲ್ಲ.

ಅವರಿಗೆ ನೋವಾಗಬಾರದೆಂದು ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕಾಪಾಡಿಕೊಂಡದ್ದು ನನ್ನ ಒಳ್ಳೆಯ ಹೆಸರನ್ನು. ನೋಟಿಸಿನಲ್ಲಿ ಕೊಟ್ಟ ದಿನಗಳು ಗಿರಾಕಿಯವು. ಅವನ್ನು ಅವನಿಗೆ ಪೂರ್ತಿ ತಲುಪಿಸುವುದೇ ನಮ್ಮ ಕೆಲಸ. ನಾನು ಅಮರೇಶಪ್ಪನವರ ದಿನಗಳನ್ನು ನನಗಾಗಿ ಖರ್ಚು ಮಾಡಿದೆ.

ಅಮರೇಶಪ್ಪನವರಿಗೆ ನಿಜ ಹೇಳಿದ ಮುಂದಿನ ತಿಂಗಳು ಲಿಂಗಸುಗೂರಿನ ಒಂದು ಬೀಜದಂಗಡಿಗೆ ನೋಟಿಸ್ ಬಂತು. “ಯಾರು ಹೋಗೂದು?” ಎಂದಳು ರೇಣುಕಾ. ನಾನು ಹೋದೆ. ಅಂಗಡಿಯ ಶಂಕ್ರಮ್ಮ, “ಬಂದಿಯೇನೋ ತಮ್ಮಾ, ಕುಂದ್ರು” ಎಂದರು. ಕೂರದೆ, ಎಷ್ಟು, ಯಾವ ದಿನದೊಳಗೆ, ಏನು ಮಾಡಬೇಕು, ಎಲ್ಲ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

“ನಿನ್ನ ಬಾಯಾಗ ಒಳ್ಳೇದೊಂದು ಬರಂಗಿಲ್ಲೇನೋ? ಯಾಪಾರದ ಹೊತ್ತಿನ್ಯಾಗ ಎಂಥಾದ್ದು ತಂದಿಯೋ!” ಎಂದು ಬೈಯತೊಡಗಿದರು. ಬೈಯುತ್ತಲೇ ಸ್ಟೂಲು ಎಳೆದು ಹತ್ತಿ, ಮೇಲಿನ ಹಲಗೆಯಿಂದ ಬಿಲ್ಲಿನ ಡಬ್ಬ ಇಳಿಸಿ ನನ್ನ ಕೈಗೆ ಕೊಟ್ಟರು.